ಎಲ್ಲ ಪಾಯಿಂಟರ್‌ಗಳಿಗೂ ಒಂದೇ ಅಗಲ ಎಂದು ನಂಬಿದ ಅನಲೈಜರ್

ಪ್ರಶ್ನೆ: ಕಲಬುರಗಿಯಲ್ಲಿ ನಾವು ಕೆಲವು ಗೆಳೆಯರು ಸೇರಿ, ತೊಗರಿಬೇಳೆಯ ಚಿತ್ರಗಳಿಂದ ಕಲ್ಲು, ಕರಿಕಾಳು, ಒಡಕು ಬೇಳೆಗಳನ್ನು ಗುರುತಿಸುವ ಪ್ರೋಗ್ರಾಂ ಬರೆಯುತ್ತಿದ್ದೇವೆ. ಒಂದು ದಾಲ್ ಮಿಲ್‌ನಲ್ಲಿ ಪರೀಕ್ಷೆ ನಡೆದಿದೆ. ಲೆಕ್ಕದ ಭಾರವೆಲ್ಲ ಎಎಂಡಿ ಗ್ರಾಫಿಕ್ಸ್ ಪ್ರೊಸೆಸರ್ ಮೇಲಿದೆ. ಆ ಭಾಗದ ಸಿ ಕೋಡನ್ನು ಕ್ಲಾಂಗ್ ಸ್ಟ್ಯಾಟಿಕ್ ಅನಲೈಜರ್‌ಗೆ (ಕ್ಲಾಂಗ್ ಕಂಪೈಲರ್‌ನ ಜೊತೆ ಬರುವ, ಕೋಡನ್ನು ಓಡಿಸದೆಯೇ ದೋಷ ಹುಡುಕುವ ಸಾಧನ) ಕೊಟ್ಟ ಕೂಡಲೇ ಅನಲೈಜರ್ ಕ್ರ್ಯಾಶ್ ಆಗುತ್ತದೆ. ಹೋಲಿಸುವ ಎರಡು ಸಂಖ್ಯೆಗಳ ಬಿಟ್ ಅಗಲ ಸಮನಾಗಿರಬೇಕು ಎಂಬ ಅರ್ಥದ ಅಸರ್ಷನ್ (ಷರತ್ತು ಮುರಿದರೆ ಪ್ರೋಗ್ರಾಂ ಅನ್ನು ನಿಲ್ಲಿಸುವ ಒಳಪರೀಕ್ಷೆ) ಸಂದೇಶ ಬರುತ್ತದೆ. ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್ ಕರೆಯುವ ಒಂದು ಸಾಲನ್ನು ತೆಗೆದರೆ ಏನೂ ತೊಂದರೆಯಿಲ್ಲ. ನಮ್ಮ ಟೂಲ್‌ಚೈನ್ ಕ್ಲಾಂಗ್‌ನ ಮೂಲ ಯೋಜನೆಯಾದ ಎಲ್‌ಎಲ್‌ವಿಎಂನ 13ನೇ ಆವೃತ್ತಿಯನ್ನು ಅವಲಂಬಿಸಿದೆ. ಸದ್ಯಕ್ಕೆ ಮುಂದಿನ ಆವೃತ್ತಿಗೆ ಹೋಗಲಾಗದು, ಆದರೆ ಸೋರ್ಸ್ ನಮ್ಮಲ್ಲಿದೆ, ಬಿಲ್ಡ್ ನಾವೇ ಮಾಡುತ್ತೇವೆ. ಅಸರ್ಷನ್ ಇಲ್ಲದ ಬಿಲ್ಡ್ ಬಳಸಿ ಎಂದು ಒಬ್ಬರು, ಪಾಯಿಂಟರನ್ನು (ಮೆಮೊರಿ ವಿಳಾಸ ಹಿಡಿದಿರುವ ವೇರಿಯಬಲ್) ಬೇರೆ ಟೈಪ್‌ಗೆ ಕಾಸ್ಟ್, ಅಂದರೆ ಪರಿವರ್ತನೆ, ಮಾಡಿಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ತಪ್ಪು ಯಾರದು? ಸರಿಯಾದ ರಿಪೇರಿ ಯಾವುದು? ಸಾಮಾನ್ಯ ಪ್ರೊಸೆಸರ್ ಮೇಲೆ ಓಡುವ ನಮ್ಮ ಹೋಸ್ಟ್ ಕೋಡ್‌ನಲ್ಲೂ ಇದು ಎದುರಾಗಬಹುದೇ?

ಉತ್ತರ: ತಪ್ಪು ನಿಮ್ಮ ಕೋಡಿನದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಪಕರಣ ಮುರಿದುಬಿದ್ದಾಗ ನಮ್ಮ ಹುಡುಗರು ಮೊದಲು ತಮ್ಮ ಕೋಡನ್ನೇ ತಿದ್ದಲು ಕೂರುತ್ತಾರೆ. ಸಾಧನ ದೊಡ್ಡದು, ನಾವು ಸಣ್ಣವರು ಎಂಬ ಭಾವನೆ ಅದರ ಹಿಂದೆ ಇರುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ಅನಲೈಜರ್‌ನೊಳಗೆ ಒಂದು ಊಹೆ ಹುದುಗಿತ್ತು: ಒಂದು ಟಾರ್ಗೆಟ್‌ನಲ್ಲಿ, ಅಂದರೆ ಕೋಡ್ ಓಡಬೇಕಾದ ಒಂದು ಬಗೆಯ ಯಂತ್ರದಲ್ಲಿ, ಪಾಯಿಂಟರ್ ಎಂದರೆ ಒಂದೇ ಅಗಲ. ನಿಮ್ಮ ಟಾರ್ಗೆಟ್‌ನಲ್ಲಿ ಆ ಊಹೆ ಸುಳ್ಳು, ಅಷ್ಟೆ. ಈ ದೋಷಕ್ಕೆ ಮೂಲ ಯೋಜನೆಯಲ್ಲಿ 2022ರಲ್ಲಿ ರಿಪೇರಿ ಬಂತು. ನಿಮ್ಮ 13ನೇ ಆವೃತ್ತಿ 2021ರದು, ಹಾಗಾಗಿ ಅದರಲ್ಲಿ ಇಲ್ಲ. ಆ ರಿಪೇರಿಯ ತಿರುಳನ್ನು ನೀವು ಹಿಂದಕ್ಕೆ ತಂದುಕೊಳ್ಳಬಹುದು. ಆದರೆ ತಿರುಳು ಏನೆಂದು ತಿಳಿಯದೆ ಸಾಲುಗಳನ್ನು ನಕಲು ಮಾಡಿದರೆ ಅರ್ಧ ಕೆಲಸವಾಗುತ್ತದೆ, ಮುಂದಿನ ತಿಂಗಳು ಬೇರೊಂದು ಫೈಲಿನಲ್ಲಿ ಅದೇ ಅಸರ್ಷನ್ ಮತ್ತೆ ಎದುರಾಗುತ್ತದೆ. ಆದ್ದರಿಂದ ಸ್ವಲ್ಪ ಆಳಕ್ಕೆ ಇಳಿಯೋಣ.

ಎಎಂಡಿಯ ಈ ಪ್ರೊಸೆಸರ್‌ಗಳಿಗೆ ಕ್ಲಾಂಗ್ ಕೋಡ್ ತಯಾರಿಸುವಾಗ ಮೆಮೊರಿಯನ್ನು ಹಲವು ಅಡ್ರೆಸ್ ಸ್ಪೇಸ್‌ಗಳಾಗಿ ನೋಡುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. 0 ಎಂದರೆ ಜೆನೆರಿಕ್ (ಬೇರೆ ಬೇರೆ ಜಾಗಗಳನ್ನು ತೋರಿಸಬಲ್ಲದ್ದು), 1 ಗ್ಲೋಬಲ್, 4 ಕಾನ್‌ಸ್ಟಂಟ್. ಈ ಮೂರರ ಪಾಯಿಂಟರ್‌ಗಳು 64 ಬಿಟ್ ಅಗಲ. 3 ಎಂದರೆ ಲೋಕಲ್, 5 ಪ್ರೈವೇಟ್; ಇವೆರಡರ ಪಾಯಿಂಟರ್ 32 ಬಿಟ್ ಮಾತ್ರ. ಇದು ಯಾರೋ ಮನಬಂದಂತೆ ಮಾಡಿದ ಏರ್ಪಾಟಲ್ಲ. ಲೋಕಲ್ ಮೆಮೊರಿ ಎಂಬುದು ಪ್ರತಿ ಕಂಪ್ಯೂಟ್ ಯೂನಿಟ್‌ನೊಳಗೆ ಇರುವ ಪುಟ್ಟ, ಅತಿ ವೇಗದ ಜಾಗ. ಎಎಂಡಿಯ ಜಿಸಿಎನ್ ಪೀಳಿಗೆಯಲ್ಲಿ ಅದು 64 ಕಿಲೋಬೈಟ್. ಅಷ್ಟು ಚಿಕ್ಕ ಜಾಗದ ವಿಳಾಸ ಹೇಳಲು 64 ಬಿಟ್ ಖರ್ಚು ಮಾಡುವುದು ದಂಡ. ಆ ಚಿಪ್‌ಗಳಲ್ಲಿ ಒಂದೊಂದು ರಿಜಿಸ್ಟರ್ 32 ಬಿಟ್‌ನದು. 64 ಬಿಟ್ ವಿಳಾಸ ಹಿಡಿಯಲು ಎರಡು ರಿಜಿಸ್ಟರ್ ಬೇಕು. ರಿಜಿಸ್ಟರ್ ಕಡಿಮೆ ಬಳಸಿದಷ್ಟೂ ಏಕಕಾಲಕ್ಕೆ ಹೆಚ್ಚು ಕೆಲಸಗಳನ್ನು ಚಿಪ್ ಮೇಲೆ ಇರಿಸಬಹುದು. ಹಾಗಾಗಿ ನಿಮ್ಮ ಬೇಳೆಯ ಚಿತ್ರದ ತುಣುಕನ್ನು ಗ್ಲೋಬಲ್ ಮೆಮೊರಿಯಿಂದ ಲೋಕಲ್‌ಗೆ ತಂದು, ಅಲ್ಲಿ ಲೆಕ್ಕ ಹಾಕುವ ನಿಮ್ಮ ವಿನ್ಯಾಸ ಒಳ್ಳೆಯ ವಿನ್ಯಾಸ. ಅದನ್ನು ಬಿಡಬೇಡಿ.

ಪಾಯಿಂಟರ್‌ಗಳಿಗೆ ಬೇರೆ ಬೇರೆ ಅಗಲ ಎಂಬುದು ಹೊಸ ವಿಷಯವೂ ಅಲ್ಲ. ನಮ್ಮ ಕಡೆಯ ಕಾಲೇಜುಗಳ ಲ್ಯಾಬ್‌ನಲ್ಲಿ ಟರ್ಬೊ ಸಿ ಬಳಸಿ ಕಲಿತವರಿಗೆ ನಿಯರ್, ಫಾರ್ ಪಾಯಿಂಟರ್‌ಗಳು ನೆನಪಿರಬೇಕು. ನಿಯರ್ 16 ಬಿಟ್, ಫಾರ್ 32 ಬಿಟ್. ಆಗ ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಆ ಅಧ್ಯಾಯ ಗ್ರಾಫಿಕ್ಸ್ ಪ್ರೊಸೆಸರ್‌ಗಳ ಕಾಲದಲ್ಲಿ ಹೊಸ ಉಡುಪು ತೊಟ್ಟು ಮರಳಿದೆ. ಆ ಅಧ್ಯಾಯವನ್ನು ಪಠ್ಯದಿಂದ ತೆಗೆದುಹಾಕಿದ ಅಧ್ಯಾಪಕರು ಈಗ ಬೇರೆ ಉದಾಹರಣೆಗಳೊಂದಿಗೆ ಮತ್ತೆ ಸೇರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈಗ ಅನಲೈಜರ್ ಒಳಗೆ ಏನಾಗುತ್ತದೆ ನೋಡೋಣ. ಅದು ನಿಮ್ಮ ಪ್ರೋಗ್ರಾಂ ಅನ್ನು ಓಡಿಸುವುದಿಲ್ಲ. ಓಡಬಹುದಾದ ದಾರಿಗಳನ್ನು ಒಂದೊಂದಾಗಿ ಕಲ್ಪಿಸಿಕೊಂಡು ನಡೆಯುತ್ತದೆ. ಬೆಲೆ ಗೊತ್ತಿಲ್ಲದ ವೇರಿಯಬಲ್‌ಗೆ ಒಂದು ಸಂಕೇತ ಕೊಡುತ್ತದೆ. ಬೆಲೆ ಗೊತ್ತಿದ್ದರೆ ನಿರ್ದಿಷ್ಟ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆ ಸಂಖ್ಯೆ ನಾವು ಕಾಗದದ ಮೇಲೆ ಬರೆಯುವ ಬರಿಯ ಅಂಕಿಯಲ್ಲ, ಅದರ ಜೊತೆ ಬಿಟ್ ಅಗಲವೂ ಅಂಟಿಕೊಂಡಿರುತ್ತದೆ. ಎಲ್‌ಎಲ್‌ವಿಎಂನ ಎಪಿಇಂಟ್ ಎಂಬ ವರ್ಗದ ಸ್ವಭಾವವೇ ಅದು: 32 ಬಿಟ್ ಸೊನ್ನೆ ಮತ್ತು 64 ಬಿಟ್ ಸೊನ್ನೆ ಬೇರೆ ಬೇರೆ ವಸ್ತುಗಳು. ಎರಡನ್ನೂ ನೇರವಾಗಿ ಹೋಲಿಸಲು ಹೋದರೆ ಅದು ಅಸರ್ಷನ್ ಎಬ್ಬಿಸಿ ನಿಲ್ಲಿಸಿಬಿಡುತ್ತದೆ. ನೀವು ನೋಡಿದ ಸಂದೇಶ ಅಲ್ಲಿಂದಲೇ ಬಂದದ್ದು.

ನಿಮ್ಮ ಮೆಮ್‌ಕಾಪಿ ಸಾಲನ್ನೇ ತೆಗೆದುಕೊಳ್ಳಿ. ಮೊದಲ ಆರ್ಗ್ಯುಮೆಂಟ್ ಅಡ್ರೆಸ್ ಸ್ಪೇಸ್ 3ರ ಪಾಯಿಂಟರ್, 32 ಬಿಟ್. ಎರಡನೆಯದು ಜೆನೆರಿಕ್, 64 ಬಿಟ್. ಮೂರನೆಯದು ಉದ್ದ. ಈ ಹೆಸರಿನ ಕರೆ ಕಂಡ ಕೂಡಲೇ ಅನಲೈಜರ್‌ನ ಸಿಸ್ಟ್ರಿಂಗ್ ಚೆಕರ್, ಅಂದರೆ ಇಂಥ ಕರೆಗಳನ್ನು ಪರೀಕ್ಷಿಸುವ ಭಾಗ, ಎಚ್ಚರಗೊಳ್ಳುತ್ತದೆ. ಪಾಯಿಂಟರ್ ಬಗ್ಗೆ ಅದು ಕೇಳುವ ಮೊದಲ ಪ್ರಶ್ನೆ, ಈ ಪಾಯಿಂಟರ್ ನಲ್ (ಏನನ್ನೂ ತೋರಿಸದ್ದು) ಆಗಿರಬಹುದೇ? ಅದನ್ನು ತಿಳಿಯಲು ಅದಕ್ಕೊಂದು ಸೊನ್ನೆ ಬೇಕು. ಮೇಕ್‌ಝೀರೊವಾಲ್ ಎಂಬ ಫಂಕ್ಷನ್‌ಗೆ ಪಾಯಿಂಟರ್‌ನ ಟೈಪನ್ನು ಕೊಟ್ಟು, ಇದಕ್ಕೆ ತಕ್ಕ ಸೊನ್ನೆ ಕೊಡು ಎನ್ನುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ಮುಂದಿನ ಹೆಜ್ಜೆಯನ್ನು ಹತ್ತಿರದಿಂದ ನೋಡಿ: ಬಂದ ಟೈಪ್ ಪಾಯಿಂಟರ್ ಎಂದು ಗೊತ್ತಾದ ತಕ್ಷಣ ಆ ಫಂಕ್ಷನ್ ಟೈಪನ್ನು ಅಲ್ಲಿಯೇ ಬಿಟ್ಟು, ಯಾವ ಆರ್ಗ್ಯುಮೆಂಟೂ ಇಲ್ಲದ ಮೇಕ್‌ನಲ್ ಎಂಬುದನ್ನು ಕರೆಯುತ್ತದೆ. ಮೇಕ್‌ನಲ್ ತನ್ನ ಸೊನ್ನೆಯ ಅಗಲವನ್ನು ವಾಯ್ಡ್ ಪಾಯಿಂಟರ್‌ನಿಂದ (ಯಾವ ಬಗೆಯ ವಸ್ತುವನ್ನು ತೋರಿಸುತ್ತದೆಂದು ಹೇಳದ ಪಾಯಿಂಟರ್) ತೆಗೆದುಕೊಳ್ಳುತ್ತದೆ. ವಾಯ್ಡ್ ಪಾಯಿಂಟರ್ ನಿಮ್ಮ ಟಾರ್ಗೆಟ್‌ನಲ್ಲಿ ಜೆನೆರಿಕ್, ಅಂದರೆ 64 ಬಿಟ್. ಕೇಳಿದ್ದು 32 ಬಿಟ್ ಪಾಯಿಂಟರ್‌ನ ಸೊನ್ನೆ, ಕೈಗೆ ಬಂದದ್ದು 64 ಬಿಟ್‌ನದು. ಮಾಹಿತಿ ಕೈಯಲ್ಲೇ ಇತ್ತು, ದಾರಿಯಲ್ಲಿ ಚೆಲ್ಲಿಹೋಯಿತು. ಇಡೀ ದೋಷದ ಬೇರು ಈ ಒಂದು ಸಾಲು.

ಆ ತಪ್ಪು ಅಗಲದ ಸೊನ್ನೆ ಕೂಡಲೇ ಸಿಕ್ಕಿಬೀಳುವುದಿಲ್ಲ, ಅದೇ ಇದರ ಕಷ್ಟ. ಸಂಕೇತವೊಂದನ್ನು ಸಂಖ್ಯೆಯೊಂದಿಗೆ ಹೋಲಿಸುವ ಕೆಲವು ಕಡೆ, ಸಂಖ್ಯೆಯನ್ನು ಸಂಕೇತದ ಅಗಲಕ್ಕೆ ಪರಿವರ್ತಿಸಿಕೊಳ್ಳುವ ಎಚ್ಚರಿಕೆ ಇದೆ. ಅಲ್ಲಿ ದೋಷ ಮುಚ್ಚಿಹೋಗುತ್ತದೆ. ಆದರೆ ಒಂದು ದಾರಿಯಲ್ಲಿ ಪಾಯಿಂಟರ್ ನಲ್ ಎಂದೇ ಖಚಿತವಾಯಿತು ಅನ್ನಿ, ಆಗ ಎರಡು ಬದಿಯೂ ನಿರ್ದಿಷ್ಟ ಸಂಖ್ಯೆಗಳಾಗುತ್ತವೆ, ಹೋಲಿಕೆ ನೇರವಾಗಿ ಎಪಿಇಂಟ್‌ಗೆ ಹೋಗುತ್ತದೆ. ಅಲ್ಲಿ ಕ್ರ್ಯಾಶ್ ಖಚಿತ. ಒಂದು ಫೈಲಿನಲ್ಲಿ ಅನಲೈಜರ್ ಬೀಳುತ್ತದೆ, ಹೆಚ್ಚುಕಡಿಮೆ ಅದೇ ತರಹದ ಇನ್ನೊಂದು ಫೈಲಿನಲ್ಲಿ ಬೀಳುವುದಿಲ್ಲ ಎಂದು ನಿಮಗೆ ಅನುಭವವಾಗಿದ್ದರೆ ಕಾರಣ ಇದೇ.

ನಿಮ್ಮ ಕೋಡ್ ನಿರ್ದೋಷಿ ಎಂದು ನಿಮಗೇ ಖಾತ್ರಿ ಮಾಡಿಕೊಳ್ಳಬೇಕೆಂದರೆ ಒಂದು ಉಪಾಯವಿದೆ. ಲೋಕಲ್ ಪಾಯಿಂಟರನ್ನು ಸೊನ್ನೆಯೊಂದಿಗೆ ಹೋಲಿಸುವ ಒಂದು ಸಾಲು ಬರೆದು, ಕ್ಲಾಂಗ್‌ನಿಂದ ಅದರ ಸಿಂಟ್ಯಾಕ್ಸ್ ಟ್ರೀ (ಕಂಪೈಲರ್ ಕೋಡನ್ನು ಅರ್ಥೈಸಿಕೊಂಡ ಮರದ ರೂಪ) ಹೊರತೆಗೆಸಿ ನೋಡಿ. ನೀವು ಬರೆದ ಸೊನ್ನೆಯ ಸುತ್ತ ಕ್ಲಾಂಗ್ ತಾನಾಗಿಯೇ ಒಂದು ನಲ್‌ಟುಪಾಯಿಂಟರ್ ಕಾಸ್ಟ್ ಸುತ್ತಿರುತ್ತದೆ, ಎರಡೂ ಬದಿಯ ಟೈಪ್ ಒಂದೇ ಆಗಿರುತ್ತದೆ. ಒಂದರೊಳಗೊಂದು ಸೇರದ ಎರಡು ಅಡ್ರೆಸ್ ಸ್ಪೇಸ್‌ಗಳ ಪಾಯಿಂಟರ್‌ಗಳನ್ನು ನೀವೇ ಹೋಲಿಸಲು ಹೋದರೆ ಕ್ಲಾಂಗ್ ಎರರ್ ಕೊಟ್ಟು ತಡೆಯುತ್ತದೆ. ಅಂದರೆ ಭಾಷೆಯ ಮಟ್ಟದಲ್ಲಿ ಕಾವಲು ಬಿಗಿಯಾಗಿದೆ. ಚೆಕರ್ ಮಾತ್ರ ಸಿಂಟ್ಯಾಕ್ಸ್ ಟ್ರೀಯಲ್ಲಿ ಇಲ್ಲದ ಹೋಲಿಕೆಯನ್ನು ತಾನೇ ಹುಟ್ಟಿಸುತ್ತದೆ, ಆ ಹೋಲಿಕೆಯ ಮೇಲೆ ಯಾವ ಕಾವಲೂ ಇಲ್ಲ.

ನಿಮಗೆ ಸಿಕ್ಕ ಸಲಹೆಗಳ ವಿಚಾರಕ್ಕೆ ಬರುತ್ತೇನೆ. ಅಸರ್ಷನ್ ಇಲ್ಲದ ಬಿಲ್ಡ್ ಬಳಸಿದರೆ ಕ್ರ್ಯಾಶ್ ನಿಲ್ಲುತ್ತದೆ, ನಿಜ. ದೋಷ ನಿಲ್ಲುವುದಿಲ್ಲ. 64 ಬಿಟ್‌ವರೆಗಿನ ಸಂಖ್ಯೆಗಳನ್ನು ಎಪಿಇಂಟ್ ಒಂದೇ 64 ಬಿಟ್ ಪದದಲ್ಲಿ ಇಟ್ಟುಕೊಳ್ಳುತ್ತದೆ. ಅಸರ್ಷನ್ ತೆಗೆದರೆ ಅಗಲ ನೋಡದೆ ಆ ಪದಗಳನ್ನೇ ಹೋಲಿಸಿಬಿಡುತ್ತದೆ. ಎರಡೂ ಸೊನ್ನೆಯಾದರೆ ಅದೃಷ್ಟಕ್ಕೆ ಸರಿಯುತ್ತರ. ಆದರೆ ಬಹಳ ಕೋಡ್‌ಗಳಲ್ಲಿ ಸೋಲಿನ ಗುರುತಾಗಿ ಮೈನಸ್ 1ನ್ನು ಪಾಯಿಂಟರ್ ಆಗಿಸಿ ಬಳಸುತ್ತಾರೆ. ಅದು 32 ಬಿಟ್‌ನಲ್ಲಿ 4294967295, 64 ಬಿಟ್‌ನಲ್ಲಿ 18446744073709551615. ಬರೆದವರ ಮನಸ್ಸಿನಲ್ಲಿ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ ಬೇರೆ. ಅನಲೈಜರ್ ತಪ್ಪು ದಾರಿ ಹಿಡಿಯುತ್ತದೆ, ನಿಮಗೆ ಸುಳಿವೂ ಸಿಗುವುದಿಲ್ಲ. ದೋಷ ಹುಡುಕಲೆಂದೇ ಇಟ್ಟುಕೊಂಡ ಸಾಧನ ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಸದ್ದು ಮಾಡಿ ಬೀಳುವುದು ಸಾವಿರ ಪಾಲು ಮೇಲು.

ಕಾಸ್ಟ್ ಮಾಡುವ ಸಲಹೆ ಇನ್ನೂ ಕೆಟ್ಟದು ಎನ್ನುತ್ತೇನೆ. ಲೋಕಲ್ ಪಾಯಿಂಟರನ್ನು ಜೆನೆರಿಕ್ ಮಾಡಿ ಮೆಮ್‌ಕಾಪಿಗೆ ಕೊಟ್ಟರೆ ಅನಲೈಜರ್ ಬೀಳದಿರಬಹುದು. ಆದರೆ ಲೋಕಲ್ ಮೆಮೊರಿಗೆಂದೇ ಚಿಪ್‌ನಲ್ಲಿ ಪ್ರತ್ಯೇಕ ಸೂಚನೆಗಳಿವೆ. ಜೆನೆರಿಕ್ ಪಾಯಿಂಟರ್ ಮೂಲಕ ಹೋದರೆ ಫ್ಲಾಟ್ ಸೂಚನೆಗಳು ಬರುತ್ತವೆ, ಈ ವಿಳಾಸ ಯಾವ ಜಾಗಕ್ಕೆ ಸೇರಿದ್ದು ಎಂದು ಹಾರ್ಡ್‌ವೇರ್ ಓಡುವಾಗಲೇ ನಿರ್ಧರಿಸಬೇಕಾಗುತ್ತದೆ. ಆಪ್ಟಿಮೈಜರ್ ಕೆಲವೊಮ್ಮೆ ಇದನ್ನು ಪತ್ತೆಹಚ್ಚಿ ಸರಿಪಡಿಸುತ್ತದೆ, ಆದರೆ ಪ್ರತಿಸಲವೂ ಮಾಡುತ್ತದೆಂದು ನಂಬಿ ಕೂರುವಂತಿಲ್ಲ. ಮಿಲ್‌ನಲ್ಲಿ ಬೇಳೆ ಸುರಿಯುವ ವೇಗಕ್ಕೆ ನಿಮ್ಮ ಪ್ರೋಗ್ರಾಂ ಓಡಬೇಕು. ಪರೀಕ್ಷಿಸುವ ಸಾಧನವನ್ನು ಸಮಾಧಾನಪಡಿಸಲು ಓಡುವ ಕೋಡನ್ನು ನಿಧಾನ ಮಾಡುವುದು ಯಾವ ನ್ಯಾಯ?

ಇನ್ನೊಂದು ದಾರಿ ನಿಮಗೇ ಹೊಳೆಯಬಹುದು, ಆದ್ದರಿಂದ ಮೊದಲೇ ಅಡ್ಡಗಟ್ಟುತ್ತೇನೆ. ಹೋಲಿಸುವ ಜಾಗದಲ್ಲೇ ಎರಡರಲ್ಲಿ ಒಂದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಸಮ ಮಾಡಿಬಿಟ್ಟರೆ ಹೇಗೆ? ನಾಲ್ಕು ಸಾಲಿನ ಪ್ಯಾಚ್, ಕ್ರ್ಯಾಶ್ ಮಾಯ. ಕುಗ್ಗಿಸಿದರೆ ಏನಾಗುತ್ತದೆ ನೋಡಿ: 64 ಬಿಟ್ ವಿಳಾಸ 4294967296 ಎಂದಿಟ್ಟುಕೊಳ್ಳಿ. ಅದರ ಕೆಳಗಿನ 32 ಬಿಟ್‌ಗಳೆಲ್ಲ ಸೊನ್ನೆ. 32 ಬಿಟ್‌ಗೆ ಕತ್ತರಿಸಿದರೆ ಉಳಿಯುವುದು ಸೊನ್ನೆ, ಅಂದರೆ ನಲ್ ಅಲ್ಲದ ಪಾಯಿಂಟರ್ ನಲ್ ಆಗಿಬಿಟ್ಟಿತು. ಅನಲೈಜರ್ ಇಲ್ಲದ ದೋಷವನ್ನು ವರದಿ ಮಾಡುತ್ತದೆ, ಅಥವಾ ಇರುವ ದಾರಿಯನ್ನೇ ಅಸಾಧ್ಯವೆಂದು ಕೈಬಿಟ್ಟು ಅದರ ಮುಂದಿರುವ ನಿಜವಾದ ದೋಷವನ್ನು ನೋಡದೆ ಹೋಗುತ್ತದೆ. ಹಿಗ್ಗಿಸುವುದು ಅಷ್ಟು ಅಪಾಯಕಾರಿ ಅಲ್ಲ, ಆದರೂ ಅದು ಒಂದು ಸುಳ್ಳನ್ನು ಒಳಗಿಟ್ಟುಕೊಳ್ಳುತ್ತದೆ: ಎರಡು ಬೇರೆ ಅಡ್ರೆಸ್ ಸ್ಪೇಸ್‌ಗಳ ವಿಳಾಸಗಳನ್ನು ಅಂಕಿಯಾಗಿ ಹೋಲಿಸಬಹುದು ಎಂಬ ಸುಳ್ಳು. ಬ್ರಹ್ಮಪುರದಲ್ಲೂ 12ನೇ ನಂಬರಿನ ಮನೆ ಇರುತ್ತದೆ, ಶಹಾಬಜಾರಿನಲ್ಲೂ ಇರುತ್ತದೆ. ನಂಬರ್ ಒಂದೇ ಎಂದು ಎರಡನ್ನೂ ಒಂದೇ ಮನೆ ಎನ್ನುವ ಅಂಚೆಯಣ್ಣ ಕಲಬುರಗಿಯಲ್ಲಿ ಒಬ್ಬನೂ ಸಿಗುವುದಿಲ್ಲ. ಲೋಕಲ್ ಮೆಮೊರಿಯ 4096 ಮತ್ತು ಗ್ಲೋಬಲ್ ಮೆಮೊರಿಯ 4096 ಹಾಗೆಯೇ.

ಸರಿಯಾದ ರಿಪೇರಿ ಒಂದೇ ವಾಕ್ಯದ್ದು: ಸಂಖ್ಯೆ ಹುಟ್ಟುವ ಜಾಗದಲ್ಲೇ ಅದರ ಅಗಲವನ್ನು ಅದರ ಟೈಪ್‌ನಿಂದ ಕೇಳಿ ಪಡೆಯಬೇಕು. ಕೆಲಸ ಮಾತ್ರ ಒಂದು ವಾಕ್ಯದ್ದಲ್ಲ.

ಮೂಲ ಯೋಜನೆಯಲ್ಲಿ ಮಾಡಿದ್ದು ಹೀಗೆ. ಆರ್ಗ್ಯುಮೆಂಟ್ ಇಲ್ಲದ ಮೇಕ್‌ನಲ್ ಅನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಟೈಪನ್ನು ಕಡ್ಡಾಯವಾಗಿ ಕೇಳುವ ಮೇಕ್‌ನಲ್‌ವಿತ್‌ಟೈಪ್ ಎಂಬುದನ್ನು ತಂದರು. ನೀವೂ ಹೀಗೇ ಮಾಡಿ. ಹಳೆಯದನ್ನು ಪಕ್ಕದಲ್ಲಿ ಉಳಿಸಿಕೊಳ್ಳಬೇಡಿ. ಪೂರ್ತಿ ಅಳಿಸಿದಾಗ ಮಾತ್ರ ಅದನ್ನು ಕರೆಯುತ್ತಿದ್ದ ಪ್ರತಿಯೊಂದು ಜಾಗದಲ್ಲೂ ಕಂಪೈಲರ್ ಎರರ್ ಕೊಟ್ಟು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ನಲ್‌ಪಿಟಿಆರ್ ಎಂದು ಬರೆದ ಕಡೆ, ವಿಫಲವಾದ ಡೈನಾಮಿಕ್ ಕಾಸ್ಟ್ ನಲ್ ಹಿಂದಿರುಗಿಸುವ ಕಡೆ, ಸ್ಮಾರ್ಟ್ ಪಾಯಿಂಟರ್‌ಗಳ ಮಾದರಿ ಇರುವ ಕಡೆ, ಹೀಗೆ ಮೆಮ್‌ಕಾಪಿಗೂ ಅವಕ್ಕೂ ಸಂಬಂಧವೇ ಇಲ್ಲದ ಜಾಗಗಳು ಹೊರಬೀಳುತ್ತವೆ. ಹೆಚ್ಚಿನ ಕಡೆ ಎಕ್ಸ್‌ಪ್ರೆಷನ್‌ನ ಟೈಪ್ ಕೈಗೆಟಕುವ ದೂರದಲ್ಲೇ ಇರುತ್ತದೆ. ಟೈಪ್ ಸಿಗದ ಜಾಗ ಬಂದರೆ ಅಲ್ಲಿ ವಾಯ್ಡ್ ಪಾಯಿಂಟರ್‌ನ ಟೈಪನ್ನು ತುರುಕಿ ಮುಂದೆ ಹೋಗುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಕರೆಯುವ ಫಂಕ್ಷನ್‌ಗೇ ಒಂದು ಟೈಪ್ ಪ್ಯಾರಾಮೀಟರ್ ಸೇರಿಸಿ ಮೇಲಿನಿಂದ ಇಳಿಸಿಕೊಂಡು ಬನ್ನಿ.

ಆ ಹೊಸ ಫಂಕ್ಷನ್‌ನಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಸಿ++ನಲ್ಲಿ ರೆಫರೆನ್ಸ್ ಟೈಪ್‌ನ ಗಾತ್ರ ಕೇಳಿದರೆ ಸಿಗುವುದು ಅದು ತೋರಿಸುವ ವಸ್ತುವಿನ ಗಾತ್ರ. ನೂರು ಬೈಟ್‌ಗಳ ಸ್ಟ್ರಕ್ಚರ್‌ಗೆ ರೆಫರೆನ್ಸ್ ಇದ್ದರೆ ಉತ್ತರ 100. ಆ ಗಾತ್ರವನ್ನು ನಂಬಿದರೆ 800 ಬಿಟ್ ಅಗಲದ ಸೊನ್ನೆ ಹುಟ್ಟುತ್ತದೆ! ಆದ್ದರಿಂದ ಬಂದ ಟೈಪ್ ರೆಫರೆನ್ಸ್ ಆಗಿದ್ದರೆ, ಅದೇ ವಸ್ತುವನ್ನು ತೋರಿಸುವ ಪಾಯಿಂಟರ್ ಟೈಪ್‌ಗೆ ಮೊದಲು ಬದಲಿಸಿಕೊಂಡು, ಆಮೇಲೆ ಗಾತ್ರ ಕೇಳಬೇಕು. ರೆಫರೆನ್ಸ್‌ಗಳು ಒಳಗೊಳಗೆ ಪಾಯಿಂಟರ್‌ಗಳಾಗಿಯೇ ಇರುತ್ತವೆ ಎಂಬ ಊಹೆ ಇದರಲ್ಲಿದೆ, ಆದರೆ ಅದನ್ನು ಅಲ್ಲಿಯೇ ಕಾಮೆಂಟ್‌ನಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಊಹೆ ಮಾಡಲೇಬೇಕಾದಾಗ ಹೀಗೆ ಮಾಡಬೇಕು. ನಿಮ್ಮ ಕೋಡ್ ಸಿ ಮಾತ್ರ ಆಗಿದ್ದರೂ ಈ ಎರಡು ಸಾಲನ್ನು ಬಿಡಬೇಡಿ. ನಾಳೆ ಯಾರಾದರೂ ಅದೇ ಅನಲೈಜರ್‌ಗೆ ಸಿ++ ಫೈಲ್ ಕೊಟ್ಟೇ ಕೊಡುತ್ತಾರೆ.

ಸೊನ್ನೆಯಷ್ಟೇ ಅಲ್ಲ. ವಾಯ್ಡ್ ಪಾಯಿಂಟರ್‌ನ ಅಗಲದಲ್ಲಿ ಬೇರೆ ಸಂಖ್ಯೆಗಳನ್ನು ಹುಟ್ಟಿಸುವ ಗೆಟ್‌ಇಂಟ್‌ವಿತ್‌ಪಿಟಿಆರ್‌ವಿಡ್ತ್ ಎಂಬ ಸಹೋದರ ಫಂಕ್ಷನ್ ಕೂಡ ಅನಲೈಜರ್‌ನ ಬೇಸಿಕ್‌ವ್ಯಾಲ್ಯೂಫ್ಯಾಕ್ಟರಿ ಎಂಬ ವರ್ಗದಲ್ಲಿದೆ. ಅದನ್ನೂ ಟೈಪ್ ಕೇಳುವಂತೆ ಮಾಡಿ. ಹಾಗೆಯೇ ಕಾಸ್ಟ್‌ಗಳನ್ನು ಲೆಕ್ಕ ಹಾಕುವ ಇವ್ಯಾಲ್‌ಕಾಸ್ಟ್ ಫಂಕ್ಷನ್: ನಿರ್ದಿಷ್ಟ ಸಂಖ್ಯೆಯಾಗಿರುವ ಪಾಯಿಂಟರ್ ಒಂದು ಅಡ್ರೆಸ್ ಸ್ಪೇಸ್‌ನಿಂದ ಇನ್ನೊಂದಕ್ಕೆ ಕಾಸ್ಟ್ ಆದಾಗ ಅದರ ಅಗಲವೂ ಹೊಸ ಟೈಪ್‌ಗೆ ತಕ್ಕಂತೆ ಬದಲಾಗಬೇಕು. ಮೇಲೆ ನಾನು ಬೇಡವೆಂದ ಹಿಗ್ಗಿಸುವಿಕೆ, ಕುಗ್ಗಿಸುವಿಕೆ ಇಲ್ಲಿ ಸರಿ, ಏಕೆಂದರೆ ಇಲ್ಲಿ ಪ್ರೋಗ್ರಾಮರ್ ತಾನೇ ಕಾಸ್ಟ್ ಬರೆದಿದ್ದಾನೆ.

ಚೆಕರ್‌ನಲ್ಲಿ ಇನ್ನೊಂದು ಕೆಲಸ ಉಳಿದಿದೆ. ಮೆಮ್‌ಕಾಪಿಯ ಎರಡು ಬಫರ್‌ಗಳು ಒಂದರ ಮೇಲೊಂದು ಬರಬಾರದು ಎಂಬುದು ಸಿ ಭಾಷೆಯ ನಿಯಮ. ಅದನ್ನು ಪರೀಕ್ಷಿಸಲು ಚೆಕರ್ ಎರಡು ಪಾಯಿಂಟರ್‌ಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ನಿಮ್ಮಲ್ಲಿ ಒಂದು 32, ಒಂದು 64. ಸೊನ್ನೆಯನ್ನು ಎಷ್ಟೇ ಸರಿಪಡಿಸಿದರೂ ಇಲ್ಲಿ ಅಗಲ ಬೇರೆಯೇ ಇರುತ್ತದೆ. ಮೂಲ ರಿಪೇರಿಯಲ್ಲಿ ಈ ಪರೀಕ್ಷೆಗೆ ಮುನ್ನ ಒಂದು ಷರತ್ತು ಸೇರಿಸಿದರು: ಎರಡು ಪಾಯಿಂಟರ್‌ಗಳ ಅಡ್ರೆಸ್ ಸ್ಪೇಸ್ ಬೇರೆಯಾದರೆ ಅವು ಒಂದರ ಮೇಲೊಂದು ಬರುವುದಿಲ್ಲ ಎಂದುಕೊಂಡು ಮುಂದೆ ಹೋಗು. ಗ್ಲೋಬಲ್ ಮತ್ತು ಲೋಕಲ್ ನಡುವೆ ಇದು ಪೂರ್ಣ ಸತ್ಯ. ಆದರೆ ಜೆನೆರಿಕ್ ಪಾಯಿಂಟರ್ ಲೋಕಲ್ ಮೆಮೊರಿಯನ್ನೂ ತೋರಿಸಬಲ್ಲದು. ಜೆನೆರಿಕ್ ಎಂಬುದರ ಉದ್ದೇಶವೇ ಅದು. ಆಗ ಎರಡು ಬಫರ್‌ಗಳು ನಿಜವಾಗಿ ಒಂದರ ಮೇಲೊಂದು ಬಂದಿದ್ದರೂ ಅನಲೈಜರ್ ಸುಮ್ಮನಿರುತ್ತದೆ. ನಾನು ಈ ಆಯ್ಕೆಯನ್ನು ಒಪ್ಪುತ್ತೇನೆ. ಒಂದು ಎಚ್ಚರಿಕೆ ತಪ್ಪಿಹೋಗುವುದು ನಷ್ಟವೇ, ಆದರೆ ಸುಳ್ಳು ಎಚ್ಚರಿಕೆಗಳ ಸುರಿಮಳೆಯಾದರೆ ಹುಡುಗರು ವರದಿಯನ್ನು ತೆರೆದು ನೋಡುವುದನ್ನೇ ನಿಲ್ಲಿಸುತ್ತಾರೆ, ಅದು ದೊಡ್ಡ ನಷ್ಟ. ನಿಮ್ಮ ಪ್ರೋಗ್ರಾಂನಲ್ಲಿ ಮಾತ್ರ ಒಂದು ಶಿಸ್ತು ಇಟ್ಟುಕೊಳ್ಳಿ: ಬಫರ್ ಗ್ಲೋಬಲ್ ಎಂದು ಗೊತ್ತಿದ್ದರೆ ಗ್ಲೋಬಲ್ ಎಂದೇ ಘೋಷಿಸಿ, ಸೋಮಾರಿತನಕ್ಕೆ ಜೆನೆರಿಕ್ ಆಗಿ ಬಿಡಬೇಡಿ. ಆಗ ಆ ಊಹೆ ನಿಮ್ಮ ಮಟ್ಟಿಗೆ ನಿಜವಾಗುತ್ತದೆ.

ರಿಪೇರಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಬೇರೆ. ಅವರು ಅಸರ್ಷನ್ ತೆಗೆಯಲಿಲ್ಲ, ಇನ್ನೊಂದನ್ನು ಸೇರಿಸಿದರು. ಎರಡು ಪಾಯಿಂಟರ್ ಬೆಲೆಗಳ ಮೇಲೆ ಕ್ರಿಯೆ ನಡೆಸುವ ಇವ್ಯಾಲ್‌ಬಿನ್‌ಆಪ್‌ಎಲ್‌ಎಲ್ ಫಂಕ್ಷನ್‌ನ ಬಾಗಿಲಲ್ಲೇ, ಎರಡರ ಬಿಟ್ ಅಗಲ ಸಮವಿದೆಯೇ ಎಂದು ತಿಳಿದ ಮಟ್ಟಿಗೆ ಪರೀಕ್ಷಿಸುವ ಕಾವಲು ಹಾಕಿದರು. ಮೊದಲು ಕ್ರ್ಯಾಶ್ ಆಗುತ್ತಿದ್ದದ್ದು ಎಪಿಇಂಟ್‌ನ ಪಾತಾಳದಲ್ಲಿ. ಅಲ್ಲಿಂದ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಹಿಡಿದು ಮೇಲೆ ಬರುವಷ್ಟರಲ್ಲಿ ಯಾವ ಪಾಯಿಂಟರ್, ಯಾವ ಟೈಪ್ ಎಂಬುದು ಕೈತಪ್ಪಿರುತ್ತಿತ್ತು. ಈಗ ತಪ್ಪು ಅಗಲದ ಬೆಲೆ ಹುಟ್ಟಿದ ಜಾಗಕ್ಕೆ ಹತ್ತಿರವೇ ಸಿಕ್ಕಿಬೀಳುತ್ತದೆ. ನಿಮ್ಮ ಪ್ಯಾಚ್‌ನಲ್ಲಿ ಇದನ್ನೇ ಮೊದಲು ಹಾಕಿ. ಹಾಕಿದ ಮೇಲೆ ನಿಮ್ಮ ಎಲ್ಲ ಫೈಲ್‌ಗಳನ್ನೂ ಓಡಿಸಿದರೆ ಈವರೆಗೆ ಕಾಣದ ಕ್ರ್ಯಾಶ್‌ಗಳು ಕಾಣಿಸಬಹುದು. ಹೆದರಬೇಡಿ, ಅವು ಈವರೆಗೆ ಮುಚ್ಚಿಹೋಗಿದ್ದವು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಎಎಂಡಿಯ ಈ ಟಾರ್ಗೆಟ್‌ನಲ್ಲಿ ಲೋಕಲ್ ಮತ್ತು ಪ್ರೈವೇಟ್ ನಲ್ ಪಾಯಿಂಟರ್‌ಗಳ ನಿಜವಾದ ಬಿಟ್‌ಗಳು ಸೊನ್ನೆಯಲ್ಲ. 32 ಬಿಟ್‌ಗಳೂ 1. ಏಕೆಂದರೆ ಲೋಕಲ್ ಮೆಮೊರಿಯಲ್ಲಿ ವಿಳಾಸ 0 ಎಂಬುದು ಬಳಕೆಯಲ್ಲಿರುವ ನಿಜವಾದ ಜಾಗ. ಹಾಗಾದರೆ ಅನಲೈಜರ್ 32 ಬಿಟ್ ಸೊನ್ನೆಯನ್ನು ನಲ್ ಎನ್ನುವುದು ತಪ್ಪಲ್ಲವೇ? ತಪ್ಪಲ್ಲ. ಅನಲೈಜರ್ ಕೆಲಸ ಮಾಡುವುದು ಸೋರ್ಸ್ ಮಟ್ಟದಲ್ಲಿ. ಅಲ್ಲಿ ಪಾಯಿಂಟರನ್ನು ಸೊನ್ನೆಯೊಂದಿಗೆ ಹೋಲಿಸುವುದೆಂದರೆ ನಲ್ ಆಗಿದೆಯೇ ಎಂದು ಕೇಳುವುದು, ಬಿಟ್‌ಗಳು ಏನೇ ಇರಲಿ. ಸಿ ಭಾಷೆಯ ಮಾನದಂಡ ನಲ್ ಪಾಯಿಂಟರ್‌ನ ಬಿಟ್‌ಗಳು ಸೊನ್ನೆಯೇ ಆಗಿರಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಪಾಯಿಂಟರನ್ನು ಇಂಟಿಜರ್ ಆಗಿಸಿ ಅಂಕಿಯನ್ನು ನೋಡುವ ಕೋಡ್ ಇದ್ದರೆ ಮಾತ್ರ ಅನಲೈಜರ್‌ನ ಚಿತ್ರ ಹಾರ್ಡ್‌ವೇರ್‌ಗಿಂತ ಬೇರೆಯಾಗುತ್ತದೆ. ಲೋಕಲ್ ಪಾಯಿಂಟರ್‌ಗಳ ಅರೇಯನ್ನು ಮೆಮ್‌ಸೆಟ್‌ನಿಂದ ಸೊನ್ನೆ ತುಂಬಿ, ಎಲ್ಲವೂ ನಲ್ ಆದವು ಎಂದುಕೊಳ್ಳುವ ಕೋಡ್ ನಿಮ್ಮಲ್ಲಿ ಇದ್ದರೆ ಇಂದೇ ಹುಡುಕಿ ತೆಗೆಯಿರಿ. ಅದು ಈ ಕ್ರ್ಯಾಶ್‌ಗೆ ಸಂಬಂಧಿಸಿದ್ದಲ್ಲ, ಆದರೆ ಮಿಲ್‌ನಲ್ಲಿ ನಿಮ್ಮನ್ನು ನಿಜವಾಗಿ ಕಾಡುವ ದೋಷ ಅದೇ ಆಗಿರುತ್ತದೆ.

ಟೆಸ್ಟ್ ಬರೆಯುವುದನ್ನು ಮರೆಯಬೇಡಿ, ಮತ್ತು ಅದನ್ನು ಚಿಕ್ಕದಾಗಿ ಇಡಿ. ನಿಮ್ಮ ಚಿತ್ರ ವಿಂಗಡಣೆಯ ಕೋಡ್ ಅದರಲ್ಲಿ ಇರಬಾರದು. ಟಾರ್ಗೆಟ್ ಎಎಂಡಿಜಿಸಿಎನ್ (ನಿಮ್ಮ ಎಎಂಡಿ ಟಾರ್ಗೆಟ್‌ಗೆ ಕ್ಲಾಂಗ್ ಬಳಸುವ ಹೆಸರು) ಎಂದು ಟೆಸ್ಟ್‌ನ ಆಜ್ಞೆಯಲ್ಲೇ ಬರೆಯಿರಿ, ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನ ಟಾರ್ಗೆಟ್‌ಗೆ ಓಡಿ ಎಲ್ಲವೂ ಪಾಸ್ ಆಗುತ್ತದೆ. ಫೈಲಿನ ಮೇಲ್ಭಾಗದಲ್ಲಿ ಕಂಪೈಲ್ ಆಗುವಾಗಲೇ ಪರೀಕ್ಷಿಸುವ ಸ್ಟ್ಯಾಟಿಕ್ ಅಸರ್ಟ್‌ಗಳನ್ನು ಇಡಿ: ಸಾಮಾನ್ಯ ಪಾಯಿಂಟರ್‌ನ ಗಾತ್ರ 8 ಬೈಟ್, ಅಡ್ರೆಸ್ ಸ್ಪೇಸ್ 3ರ ಪಾಯಿಂಟರ್‌ನ ಗಾತ್ರ 4 ಬೈಟ್. ಇವು ಇಲ್ಲದಿದ್ದರೆ ಮುಂದೊಂದು ದಿನ ಟಾರ್ಗೆಟ್‌ನ ವಿವರ ಬದಲಾಗಿ ಎರಡೂ ಸಮವಾದಾಗ, ನಿಮ್ಮ ಟೆಸ್ಟ್ ಏನನ್ನೂ ಪರೀಕ್ಷಿಸದೆ ಪಾಸ್ ಆಗುತ್ತಾ ಹೋಗುತ್ತದೆ. ಆಮೇಲೆ 64ರಿಂದ 32ಕ್ಕೆ ನಕಲು ಮಾಡುವ ಒಂದು ಫಂಕ್ಷನ್, 32ರಿಂದ 64ಕ್ಕೆ ಇನ್ನೊಂದು. ಗೊತ್ತಿಲ್ಲದ ಪಾಯಿಂಟರ್‌ನೊಂದಿಗೆ ಒಮ್ಮೆ, ನಲ್ ಎಂದೇ ಗೊತ್ತಿರುವ ಪಾಯಿಂಟರ್‌ನೊಂದಿಗೆ ಒಮ್ಮೆ. ನಲ್‌ನೊಂದಿಗೆ ಕರೆದಾಗ ಅನಲೈಜರ್ ನಲ್ ಎಂಬ ಎಚ್ಚರಿಕೆಯನ್ನು ಕೊಡಲೇಬೇಕೆಂದು ಟೆಸ್ಟ್ ನಿರೀಕ್ಷಿಸಬೇಕು. ಕ್ರ್ಯಾಶ್ ಆಗಲಿಲ್ಲ ಎಂಬುದಷ್ಟನ್ನೇ ನೋಡುವ ಟೆಸ್ಟ್, ಚೆಕರ್ ಏನೂ ಮಾಡದೆ ಸುಮ್ಮನೆ ಹಿಂದಿರುಗಿದರೂ ಪಾಸ್ ಆಗುತ್ತದೆ.

ಈ ಪ್ಯಾಚ್ ಸಿದ್ಧವಾಗುವವರೆಗೆ ಕೆಲಸ ನಿಲ್ಲಬಾರದಲ್ಲ. ಅನಲೈಜರ್ ಓಡುವಾಗ ಮಾತ್ರ ಕ್ಲಾಂಗ್ ಒಂದು ಮ್ಯಾಕ್ರೊ ಘೋಷಿಸುತ್ತದೆ. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್‌ಗಳ ನಡುವೆ ಕ್ಲಾಂಗ್ ಅನಲೈಜರ್ ಎಂಬ ಹೆಸರು ಅದರದು. ಆ ಮ್ಯಾಕ್ರೊ ಇದ್ದಾಗ ಮೆಮ್‌ಕಾಪಿಯ ಬದಲು ಒಂದು ಸರಳ ಲೂಪ್ ಕಾಣಿಸುವಂತೆ ಬರೆಯಿರಿ. ಓಡುವ ಕೋಡ್ ಬದಲಾಗುವುದಿಲ್ಲ, ಅನಲೈಜರ್ ಉಳಿದ ಫಂಕ್ಷನ್‌ಗಳನ್ನೆಲ್ಲ ನೋಡುತ್ತದೆ. ಪೂರ್ವನಿಯೋಜಿತವಾಗಿ ಅದು ಲೂಪ್‌ನೊಳಗೆ ನಾಲ್ಕು ಸಲಕ್ಕಿಂತ ಹೆಚ್ಚು ಸುತ್ತುವುದಿಲ್ಲ, ಆದ್ದರಿಂದ ಲೂಪ್ ಆದ ಮೇಲಿನ ಕೋಡನ್ನು ಪೂರ್ತಿ ನೋಡದೆ ಇರಬಹುದು ಎಂಬುದು ಗಮನದಲ್ಲಿರಲಿ. ಇಡೀ ಚೆಕರನ್ನೇ ಬಂದ್ ಮಾಡುವುದಕ್ಕಿಂತ ಇದು ವಾಸಿ. ಪ್ಯಾಚ್ ಬಂದ ದಿನ ಈ ಲೂಪನ್ನು ಅಳಿಸಿ.

ಕೊನೆಯ ಪ್ರಶ್ನೆ ನಿಮ್ಮ ಹೋಸ್ಟ್ ಕೋಡಿನದು. ಅದು ಎಕ್ಸ್86ರ 64 ಬಿಟ್ ಲಿನಕ್ಸ್ ಮೇಲೆ ಓಡುವ ಸಾಮಾನ್ಯ ಸಿ ಆಗಿದ್ದರೆ ಎಲ್ಲ ಪಾಯಿಂಟರ್‌ಗಳೂ 64 ಬಿಟ್, ಈ ಕಾರಣದಿಂದ ಅಲ್ಲಿ ಕ್ರ್ಯಾಶ್ ಬರುವಂತಿಲ್ಲ. ಒಂದೇ ಒಂದು ಅಪವಾದ, ಮೈಕ್ರೋಸಾಫ್ಟ್ ವಿಸ್ತರಣೆಗಳನ್ನು ಚಾಲೂ ಮಾಡಿ 32 ಬಿಟ್ ಪಾಯಿಂಟರ್‌ಗಳನ್ನು ಘೋಷಿಸುವ ಕೋಡ್. ಕ್ಲಾಂಗ್ ಅವನ್ನೂ 270, 271 ಎಂಬ ಅಡ್ರೆಸ್ ಸ್ಪೇಸ್‌ಗಳಾಗಿಯೇ ನೋಡುತ್ತದೆ. ಅದು ನಿಮ್ಮಲ್ಲಿ ಇಲ್ಲದಿದ್ದು, ಹೋಸ್ಟ್ ಭಾಗದಲ್ಲೂ ಅನಲೈಜರ್ ಬಿದ್ದರೆ ಅದು ಬೇರೆಯೇ ದೋಷ. ಎರಡನ್ನೂ ಒಂದೇ ವರದಿಯಲ್ಲಿ ಸೇರಿಸಬೇಡಿ. ಕ್ಲಾಂಗ್ ಕ್ರ್ಯಾಶ್ ಆದಾಗ ಪ್ರಿಪ್ರೊಸೆಸ್ ಆದ ಸೋರ್ಸ್ ಫೈಲನ್ನೂ ಅದನ್ನು ಮತ್ತೆ ಓಡಿಸುವ ಶೆಲ್ ಸ್ಕ್ರಿಪ್ಟನ್ನೂ ತಾತ್ಕಾಲಿಕ ಫೋಲ್ಡರ್‌ನಲ್ಲಿ ಇಟ್ಟು, ಅವು ಎಲ್ಲಿವೆ ಎಂದು ಕೊನೆಯ ಸಾಲುಗಳಲ್ಲಿ ತಿಳಿಸುತ್ತದೆ. ಆ ಎರಡು ಫೈಲ್‌ಗಳನ್ನು ಎತ್ತಿಟ್ಟುಕೊಂಡು, ಸಿ-ವೈಸ್‌ನಂತಹ ಸಾಧನದಿಂದ ಕೋಡನ್ನು ಹತ್ತಿಪ್ಪತ್ತು ಸಾಲಿಗೆ ಇಳಿಸಿ ಕಳುಹಿಸಿ. ಮಿಲ್‌ನವರ ವ್ಯವಹಾರದ ವಿವರಗಳು ಸ್ಟ್ರಿಂಗ್‌ಗಳಲ್ಲಿ ಉಳಿದಿದ್ದರೆ ಕಳುಹಿಸುವ ಮೊದಲು ಒಮ್ಮೆ ಕಣ್ಣಾಡಿಸಿ ತೆಗೆದುಬಿಡಿ.